ಏಳನೇ ಪದದ ಹೊತ್ತಿಗೆ

ಮೈಕಿಗೆ ನಲವತ್ತು, ಪಾಕೆಟ್ ರೇಡಿಯೊಗೆ ಮುನ್ನೂರೈವತ್ತು, ಒಂಬತ್ತು ವೋಲ್ಟಿನ ಬ್ಯಾಟರಿಗೆ ಮೂವತ್ತು, ಡಯೋಡಿಗೆ ಏನೂ ಇಲ್ಲ, ಅದು ಹಳೇ ಟೀವಿಯ ಟ್ಯೂನರಿನಿಂದ ಬಿಚ್ಚಿದ್ದು — ಕಿಟಕಿಯ ಸರಳು ಸುಡುತ್ತಿದೆ, ಯಲ್ಲದಕೆರೆ ಆಚೆಯ ಈ ಶಾಲೆಗೆ ಮೂರು ಗಂಟೆಯ ಬಿಸಿಲು ನೇರ ಬಡಿಯುತ್ತದೆ, ಕೆಂಚಣ್ಣ ಕೈ ತೆಗೆದು ಮತ್ತೆ ಅಲ್ಲೇ ಇಟ್ಟ, ಒಳಗೆ ಸುಮಾ ಟೀಚರ್ ಕಿವಿ ಮಂದದ ಬಿಂದುವಿನ ಬೆನ್ನ ಹಿಂದೆ ಗೋಡೆಗೊರಗಿ ಮೈಕಿನಲ್ಲಿ ಆರನೇ ಪದ ಹೇಳಿದರು, ಹೊಸಿಲು, ಹುಡುಗಿ ಬಗ್ಗಿ ಬರೆದಳು, ಸರಿಯಾಗಿ ಕೇಳಿದೆ, ಕೇಳದೇ ಏನು, ಕಿವಿಯೊಳಗೇ ಮಾತು ಬಿದ್ದರೆ ಅವಳಿಗೆ ಕೇಳುತ್ತದೆ, ಅದಕ್ಕೇ ತಾನೇ ಹಿರಿಯೂರಿನ ತನ್ನ ರಿಪೇರಿ ಅಂಗಡಿಯಲ್ಲಿ ಕೂತು ಎರಡು ವಾರ ಇದನ್ನು, ಟೀಚರ ಮೈಕಿನ ಮಾತು ಹುಡುಗಿಯ ಜೇಬಿನ ರೇಡಿಯೊದಲ್ಲಿ ಸ್ಟೇಷನ್ನಿನಂತೆ ಬಂದು ಇಯರ್‌ಫೋನಿಗೆ ಬೀಳುವ ಹಾಗೆ, ಮಾಡಿದ್ದು. ತುಟಿ ನೋಡಬಾರದು, ಹತ್ತರಲ್ಲಿ ಎಂಟು ಸರಿ ಬರೆದರೆ ಊರ ಶಾಲೆಯಲ್ಲೇ ಇರಲಿ, ಇಲ್ಲದಿದ್ದರೆ ಸೋಮವಾರದಿಂದ ಕಿವುಡು ಮಕ್ಕಳ ಹಾಸ್ಟೆಲಿಗೆ, ಎಂದಿದ್ದಾರೆ ದುರ್ಗದಿಂದ ಪರೀಕ್ಷೆ ಮಾಡಲು ಬಂದ ಸಾಹೇಬರು, ಹತ್ತಕ್ಕೆ ಬರುತ್ತೇವೆ ಎಂದವರು ಎರಡೂವರೆಗೆ ಬಂದರು, ಅವರು ಬಂದಾಗ ತಡವರಿಸಬಾರದೆಂದು ಟೀಚರ್ ಬೆಳಗಿನಿಂದ ಮೈಕಿನ ಸ್ವಿಚ್ ಆರಿಸಿಯೇ ಇಲ್ಲ, ಐದು ಗಂಟೆ ಹೊತ್ತಾಯಿತು, ಆ ಬ್ಯಾಟರಿ ಈಗ ಒಂಬತ್ತಿನಲ್ಲಿ ಎಲ್ಲಿರುತ್ತದೆ, ಎಂಟೋ, ಏಳೂವರೆಯೋ — ಏಳನೇ ಪದ ಹೇಳಿದರು, ಬೆಳದಿಂಗಳು, ಹುಡುಗಿ ಪೆನ್ಸಿಲ್ ಎತ್ತಿದಳು, ಇಳಿಸಲಿಲ್ಲ.

ಮೈಕಿನ ಸ್ಟೇಷನ್ ಜಾರಿತು. ನೋಡದೆಯೇ ಗೊತ್ತಾಯಿತು ಅವನಿಗೆ, ಆ ಡಯೋಡಿನ ಗುಣವೇ ಅದು, ಉಲ್ಟಾ ವೋಲ್ಟೇಜ್ ಕೊಟ್ಟರೆ ಕರೆಂಟ್ ಬಿಡುವುದಿಲ್ಲ, ಸ್ಟೇಷನ್ ಗೊತ್ತುಮಾಡುವ ಕೆಪಾಸಿಟರ್ ಆಗಿ ಕೂರುತ್ತದೆ, ವೋಲ್ಟೇಜ್ ಏರಿದರೆ ಕುಗ್ಗುತ್ತದೆ ಸ್ಟೇಷನ್ ಮೇಲಕ್ಕೆ ಹೋಗುತ್ತದೆ, ಇಳಿದರೆ ಹಿಗ್ಗುತ್ತದೆ ಸ್ಟೇಷನ್ ಕೆಳಕ್ಕೆ ಬರುತ್ತದೆ, ಟೀಚರ ದನಿ ಹೋಗುವುದೂ ಹೀಗೆ ಹಿಗ್ಗಿ ಕುಗ್ಗಿಯೇ, ಅವರ ಮಾತಿನಷ್ಟೇ ಬ್ಯಾಟರಿಯ ಸುಸ್ತೂ ಅದಕ್ಕೆ ಲೆಕ್ಕ, ಯಾವುದು ಮಾತು ಯಾವುದು ಸುಸ್ತು ಎಂದು ಅದಕ್ಕೇನು ಗೊತ್ತು, ಕೆಳಕ್ಕೆ ಹೋದಷ್ಟೂ ಇನ್ನೂ ಬೇಗ ಜಾರುತ್ತದೆ. ಮೂವತ್ತು ವರ್ಷ ಟೀವಿ ಬಿಚ್ಚಿದ್ದಾನೆ, ಚಾನೆಲ್ ಓಡಿಹೋಗ್ತವೆ ಕೆಂಚಣ್ಣ ಅಂತ ಬಂದವರಿಗೆಲ್ಲ ಈ ಡಯೋಡಿನ ವೋಲ್ಟೇಜ್ ಕಾಯುವ ಪುಟ್ಟ ಪಾರ್ಟ್ ಒಂದನ್ನು ಬದಲಾಯಿಸಿ ಕಳಿಸಿದ್ದಾನೆ, ಎಷ್ಟು ನೂರು ಬದಲಾಯಿಸಿದನೋ, ತಾನೇ ಒಂದು ಮಾಡುವಾಗ ಆ ಕಾವಲು ಹಾಕಲಿಲ್ಲ, ಯಾಕೆಂದರೆ ಅಂಗಡಿಯ ಟೇಬಲ್ಲಿನ ಮೇಲೆ ಸ್ಟೇಷನ್ ಒಂದು ಕೂದಲಷ್ಟೂ ಅಲ್ಲಾಡಿರಲಿಲ್ಲ, ಅಲ್ಲಾಡುವುದು ಹೇಗೆ, ಅಲ್ಲಿದ್ದದ್ದು ಗೋಡೆಯ ಕರೆಂಟಿನ ಅಡಾಪ್ಟರ್, ಬ್ಯಾಟರಿ ಹಾಕಿ ನೋಡಿದ್ದು ಅರ್ಧ ಗಂಟೆ.

ಅಣ್ಣಾ, ಕೇಳ್ತೈತಾ ಅವಳಿಗೆ — ಅನುಸೂಯ, ಹುಡುಗಿಯ ತಾಯಿ, ಇಲ್ಲೇ ಬಿಸಿಯೂಟದ ಅಡುಗೆಯವಳು, ಪಾತ್ರೆ ತಿಕ್ಕಿದ ಕೈ ಸೆರಗಿಗೆ ಒರೆಸುತ್ತ ಪಕ್ಕಕ್ಕೆ ಬಂದಿದ್ದಾಳೆ. ಕೇಳ್ತೈತಮ್ಮ, ಅಂದ. ಎಂಟನೇ ಪದ ಹೇಳಿದರು. ಬಿಂದುವಿನ ಹೆಬ್ಬೆರಳು ಜೇಬಿನ ರೇಡಿಯೊದ ತಿರುಗಣೆಗೆ ಹೋಯಿತು, ಹೌದು ಮಗಳೇ, ಒಂದೇ ಒಂದು ಚೂರು ಕೆಳಕ್ಕೆ, ಅಲ್ಲೇ ಇದ್ದಾರೆ ನಿನ್ನ ಟೀಚರ್ — ತಿರುಗಲಿಲ್ಲ, ತಿರುಗುವುದಿಲ್ಲ ಅದು, ಹಾಡು ಬರುವ ಕಡೆ ತಿರುಗಿಸಿಕೊಂಡು ಪಾಠ ಬಿಡ್ತಾಳೆ ಅಂತ ತಾಯಿ ದೂರಿದ್ದಕ್ಕೆ ಇವನೇ ಸೊಸೆಯ ಉಗುರುಬಣ್ಣ ಇಸಿದುಕೊಂಡು ಅಲ್ಲಿಗೊಂದು ಹನಿ ಬಿಟ್ಟಿದ್ದ, ಸೆಟ್ ಮಾಡಿದ ಕಾಯಿಲ್ ಅಲುಗದಿರಲಿ ಅಂತ ಕಸುಬಿನವರೆಲ್ಲ ಬಿಡುವ ಹನಿ, ಇನ್ನು ನಿನ್ನಪ್ಪ ಬಂದ್ರೂ ತಿರುಗಲ್ಲ ಬಿಡೇ ಅಂತ ನಕ್ಕಿದ್ದ, ಅವಳೂ ನಕ್ಕಿದ್ದಳು, ಈಗ ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದಾಳೆ, ಬಿಟ್ಟಳು, ಮತ್ತೆ ಕೆರೆದಳು.

ತಡೆಯಲಾರದೆ ಬಾಗಿಲಿಗೆ ಹೋದ, ಸಾರ್, ಬ್ಯಾಟರಿ ಇಳಿದೈತೆ, ಹುಡುಗಿ ತಪ್ಪಲ್ಲ, ಎರಡು ನಿಮಿಷ ಕೊಡ್ರಿ, ಬೇರೆ ಹಾಕ್ತೀನಿ. ಸಾಹೇಬರು ಕೆಟ್ಟ ಮನುಷ್ಯರಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು, ನೀವು ಹೇಳೋದು ನಿಜಾನೇ ಇರಬಹುದು, ಆದರೆ ದಿನಾ ಮಧ್ಯಾಹ್ನ ನೀವು ಈ ಬಾಗಿಲಲ್ಲಿ ನಿಂತಿರ್ತೀರಾ ಯಜಮಾನ್ರೇ. ಉತ್ತರ ಇತ್ತು, ಒಂದು ರಾತ್ರಿಯ ಕೆಲಸ, ಒಂದು ಪಾರ್ಟ್, ಆದರೆ ನಾಳೆ ಸರಿ ಮಾಡುತ್ತೇನೆ ಎಂಬ ಮಾತು ಅಂಗಡಿಯಲ್ಲಿ ಎಷ್ಟು ಜನಕ್ಕೆ ಹೇಳಿ ಹೇಳಿ ಸವೆದಿತ್ತು, ನಾಲಿಗೆಗೆ ಬರಲಿಲ್ಲ, ಒಂಬತ್ತು ಹೇಳಿದರು, ಹತ್ತು ಹೇಳಿದರು, ಈಗ ಹುಡುಗಿ ಬಗ್ಗಿ ಬರೆಯುತ್ತಿದ್ದಳು, ಬೇಗ ಬೇಗ, ಒಂದೊಂದಕ್ಕೂ ತಲೆಯಾಡಿಸಿ, ಏನು ಬರೆಯುತ್ತಿದ್ದಾಳೆ, ದನಿಯೇ ಇಲ್ಲದ ಕಡೆ ಏನು ಕೇಳಿಸಿತು, ಸಾಹೇಬರು ಪುಸ್ತಕ ತೆಗೆದು ನೋಡಿದರು, ಬಾಗಿಲ ಕಡೆ ತಿರುಗಿಸಿ ಹಿಡಿದರು, ಮೇಲೆ ಆರು ಪದ, ಒಂದರಲ್ಲೂ ತಪ್ಪಿಲ್ಲ, ಕೆಳಗೆ ನಾಲ್ಕು ಸಾಲು, ಬಿಟ್ಟಿದ್ದ ಏಳು ಎಂಟನ್ನೂ ತುಂಬಿಸಿ, ರೇಡಿಯೊದಲ್ಲಿ ಕೇಳಿಸಿದ್ದನ್ನೇ ಬರೆದಿದ್ದಾಳೆ, ದುಂಡಗೆ, ಗೆರೆಗೆ ಕೂರಿಸಿ, ಶ್, ಶ್, ಶ್, ಶ್ — ಆರು ಬಂದವು, ನಾಲ್ಕು ಹೋದವು, ಬಿಂದುವಿಗೆ ಈ ಶಾಲೆ ಹೋಯಿತು.