ಫರಸಿಯ ಕೆಳಗಿನ ಮುಚ್ಚಳ

ನಾಗರ ಪಂಚಮಿಯ ಬೆಳಿಗ್ಗೆ ಸರೋಜವ್ವ ನಾಗಪ್ಪನಿಗೆ ಹಾಲೆರೆದು ಮನೆಗೆ ಬರುವಷ್ಟರಲ್ಲಿ ಬಚ್ಚಲಿನ ನೀರು ಇಳಿಯುವುದನ್ನು ಬಿಟ್ಟು ಏರತೊಡಗಿತ್ತು. ಬಾಣಂತಿ ಮಗಳು ಅಂಕಿತಾ ಕೂಸಿನೊಂದಿಗೆ ಒಳಕೋಣೆಯಲ್ಲಿದ್ದಳು. ದಿನಾ ಅವರಿಬ್ಬರಿಗೂ ಎರೆಯಲು ಬರುವ ಯಂಕವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿದ್ದಳು.

"ಇದರಾಗ ಕೂಸಿಗೆ ಎರೀಲೇನು? ನಿಮ್ಮ ಗಟಾರ ಹಬ್ಬಕ್ಕಂತ ಒಳಗ ಬಂದೈತಿ ನೋಡ್ರಿ. ಉಂಡಿ ಕೊಟ್ಟು ಕಳಸ್ರಿ."

ಶಿಗ್ಗಾಂವದ ಆ ಓಣಿಯ ಒಳಚರಂಡಿ ಎಲ್ಲೋ ನಡುವೆ ಕಟ್ಟಿಕೊಂಡಿತ್ತು. ಆಚೆ ತುದಿಯ ಚೇಂಬರ್, ಅಂದರೆ ಮುಚ್ಚಳವಿರುವ ಚರಂಡಿ ಗುಂಡಿ, ಒಣಗಿತ್ತು. ಈಚೆ ತುದಿಯದು ತುಂಬಿ, ಹೊಲಸು ನೀರು ಹೊರಗೆ ಹರಿದು, ಕುಡಿಯುವ ನೀರಿನ ಪೈಪು ಸೋರುತ್ತಿದ್ದ ಜಾಗದಲ್ಲೇ ಮಡುಗಟ್ಟತೊಡಗಿತ್ತು. ನಳ ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಸೋರುವ ಸಂದಿನಿಂದ ಹೊರಗಿನದನ್ನು ಒಳಗೆಳೆದುಕೊಳ್ಳುತ್ತದೆ. ಸಂಜೆ ನಳ ಬಿಡುವ ಸರದಿ. ಅಷ್ಟರೊಳಗೆ ಚರಂಡಿಯ ಕಟ್ಟು ಬಿಡದಿದ್ದರೆ ಓಣಿಯ ಕೊಡಗಳಿಗೆ, ಕೂಸಿನ ಹಾಲು ಕಾಯಿಸುವ ಪಾತ್ರೆಗೆ ಬರುವುದು ಇದೇ ನೀರು.

ಒಳಚರಂಡಿ ಗುತ್ತಿಗೆದಾರರ ಕಡೆಯ ಸೂಪರ್‌ವೈಜರ್ ಮಾಲತೇಶ ಜೆಸಿಬಿ ಕರೆಸಿದ. ಎರಡು ಚೇಂಬರುಗಳ ನಡುವೆ ಕಣ್ಣಳತೆಯಲ್ಲೇ ನೇರ ಗೆರೆ ಹಿಡಿದು, ನಟ್ಟನಡುವೆ ಸುಣ್ಣದ ಗುರುತು ಹಾಕಿದ. ಅಲ್ಲಿ ಅಗೆದು ಪೈಪು ತೆರೆಯುವುದು ಅವನ ಲೆಕ್ಕ. ಒಂದೇ ಒಂದು ಅಳುಕು: ಓಣಿಯ ನೆಲದೊಳಗೆ ಎಲ್ಲೋ ಕರೆಂಟಿನ ಕೇಬಲ್ ಹೋಗಿತ್ತು. ಅದನ್ನು ತೋರಿಸಬೇಕಾದ ಲೈನ್‌ಮನ್ ರಜೆಯ ಮೇಲೆ ತಡಸದಲ್ಲಿದ್ದ, ಸಂಜೆಗೆ ಬರುತ್ತೇನೆಂದಿದ್ದ.

"ಕೇಬಲ್ ಗ್ವಾಡಿ ಮಗ್ಗಲಾಗ ಇರ್ತೈತಿ. ನಡುರಸ್ತ್ಯಾಗ ಯಾರ್ ಹಾಕ್ತಾರ?" ಎಂದು ಮಾಲತೇಶ ತನಗೆ ತಾನೇ ಹೇಳಿಕೊಂಡಂತೆ ಹೇಳಿದ.

ಜೆಸಿಬಿ ಓಡಿಸುವ ಶೇಖಸಾಬ ಆಗಲೇ ಮೇಲೆ ಹತ್ತಿ ಕುಳಿತಿದ್ದ. "ಹೂಂ ಅನ್ರಿ ಸಾಹೇಬ್ರ. ನಿಮ್ಮ ಹಬ್ಬದ ಊಟದ ಹೊತ್ತಿಗೆ ಮುಗಿಸಿ ಕೊಡ್ತೇನಿ."

ಯಂತ್ರದ ಸದ್ದಿಗೆ ಸರೋಜವ್ವ ಹೊರಗೆ ಬಂದಳು. ಏನೂ ಕೇಳಲಿಲ್ಲ. ಸೀದಾ ಹೋಗಿ ಸುಣ್ಣದ ಗುರುತಿನ ಮೇಲೆ ನಿಂತಳು.

"ಪಂಚಮಿ ದಿನ ಭೂಮಿ ಅಗಿಯಂಗಿಲ್ರಿ."

"ಅವ್ವಾರ, ನಾಳೆ ಅಗದ್ರ ಇವತ್ತಿನ ನಳದಾಗ ಏನ್ ಬರ್ತೈತಿ ಗೊತ್ತೈತೇನು? ನಿಮ್ಮ ಮನ್ಯಾಗ ಕೂಸು ಬ್ಯಾರೆ ಐತಿ," ಎಂದ ಮಾಲತೇಶ.

ಕೂಸಿನ ಮಾತಿಗೆ ಅವಳು ಮನೆಯ ಕಡೆ ತಿರುಗಿ ನೋಡಿದಳು. ಆದರೆ ಸಣ್ಣಂದಿನಿಂದ ಶ್ರಾವಣದ ಪುರಾಣಕ್ಕೆ ಕುಳಿತು ಬಂದವಳು ಅವಳು. ನೆಲದಡಿಯ ಜೀವಗಳಿಗೆ ಈ ಒಂದು ದಿನ ನೋವಾಗಬಾರದೆಂಬ ಮಾತು ಓದುವವರ ದನಿಯಲ್ಲೇ ಅವಳೊಳಗೆ ಉಳಿದಿತ್ತು. ಮೊಮ್ಮಗುವೂ ಜೀವವೇ. ಯಾವುದನ್ನು ಬಿಡುವುದೆಂದು ಅವಳಿಗೆ ತಿಳಿಯಲಿಲ್ಲ.

"ಒಂದು ತಾಸು ತಡೀರಿ," ಎಂದಳು ಕೊನೆಗೆ. "ಅಗೀಲಾರದ ಆಗೂ ಹಾದಿ ಇದ್ರ ನೋಡ್ರಿ. ಇಲ್ಲಂದ್ರ ನಾನ ಸರೀತೇನಿ."

ಮಾಲತೇಶ ಕೈಚೆಲ್ಲಿ ಅವಳ ಮನೆಯ ಕಟ್ಟೆಯ ಮೇಲೆ ಬಂದು ಕುಳಿತ. ಪಕ್ಕದಲ್ಲಿ ಸರೋಜವ್ವನ ಗಂಡ ಕುಬೇರಪ್ಪ ಪೇಪರು ಓದುತ್ತಿದ್ದ.

"ಇಷ್ಟು ಉದ್ದ ಲೈನಿಗೆ ನಡುವ ಒಂದು ಚೇಂಬರ್ ಇರಾಕ ಬೇಕು," ಎಂದು ಮಾಲತೇಶ ಗೊಣಗಿದ. "ಅದರ ಮುಚ್ಚಳ ಸಿಕ್ಕಿದ್ರ ಅಗಿಯೂ ಕೆಲಸನ ಇರ್ತಿರಲಿಲ್ಲ."

ಹೊಸ್ತಿಲಲ್ಲಿ ಕುಳಿತು ಉಂಡಿ ತಿನ್ನುತ್ತಿದ್ದ ಯಂಕವ್ವ ತಲೆಯೆತ್ತಿದಳು. "ಬಾಣಂತಿಗೆ ನಾ ಹಂಡೆ ನೀರು ಎರದಾಗೆಲ್ಲಾ ಈ ಕಟ್ಟಿ ಹೊಟ್ಯಾಗ ಗುಳುಗುಳು ಅಂತೈತಿ ನೋಡಪ್ಪಾ. ಯಜಮಾನ್ರು ದಿನಾ ಇಲ್ಲೇ ಕುಂತಿರ್ತಾರ. ಅವರಿಗೇ ಅಜೀರ್ಣ ಆಗಿರಬೇಕಂತ ನಾ ತಿಳ್ಕೊಂಡಿದ್ದೆ."

ಶೇಖಸಾಬ ನಕ್ಕ. ಕುಬೇರಪ್ಪ ನಗಲಿಲ್ಲ. ಪೇಪರನ್ನು ನಿಧಾನವಾಗಿ ಮಡಿಚಿದ.

"ಕಟ್ಟಿ ಮುಂದಕ್ಕ ತಂದಾಗ ಇಲ್ಲೊಂದು ಮುಚ್ಚಳ ಇತ್ತು," ಎಂದ. "ಬಾಗಲ ಮುಂದ ರಂಗೋಲಿ ಹಾಕೂ ಜಾಗದಾಗ ಅದು ಯಾಕ ಅಂತ ಮ್ಯಾಲ ಫರಸಿ ಕಲ್ಲು ಹಾಕಿಸಿಬಿಟ್ಟೆ."

"ಮತ್ತ ಬಾಯಿ ಬಿಡದ ಪೇಪರ್ ಓದಾಕತ್ತೀರಲ್ಲ?" ಎಂದಳು ಸರೋಜವ್ವ.

"ಯಾರ್ ಕೇಳಿದ್ರು ನನ್ನ?"

ಶೇಖಸಾಬ ಮೇಲಿನಿಂದಲೇ ಕೂಗಿದ. "ಅವ್ವಾರ, ಫರಸಿ ಎತ್ತಿದ್ರ ಭೂಮಿ ಅಗದಂಗ ಆಗ್ತೈತೇನ್ರಿ?"

ಸರೋಜವ್ವ ಯೋಚಿಸಿದಳು. ಕಟ್ಟೆಯನ್ನೂ ಗಂಡನನ್ನೂ ನೋಡಿದಳು. "ಭೂಮಿ ದೇವರದು. ಫರಸಿ ಇವರು ಹಾಕಿಸಿದ್ದು. ಎತ್ರಿ."

ಹಾರೆ ತಂದು ಕಟ್ಟೆಯ ಅಂಚಿನ ಮೊದಲ ಫರಸಿಯನ್ನು ಎಬ್ಬಿಸಿದರು. ಅದರಡಿ ಕಂಡದ್ದು ಮುಚ್ಚಳವಲ್ಲ. ಮರಳಿನಲ್ಲಿ ಅರ್ಧ ಹುದುಗಿದ ಹಳದಿ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕೆಂಪು ಅಕ್ಷರದಲ್ಲಿ ಅಪಾಯದ ಸೂಚನೆ. ಕೇಬಲ್ ಹೂಳುವಾಗ ಮೇಲೆ ಹಾಸುವ ಪಟ್ಟಿ ಅದು. ಮಾಲತೇಶ ಅದರ ದಿಕ್ಕನ್ನೇ ಕಣ್ಣಿನಲ್ಲಿ ಹಿಡಿದು ಹೊರಟ. ಪಟ್ಟಿ ಗೋಡೆಯ ಮಗ್ಗುಲಿಗೆ ಹೋಗಿರಲಿಲ್ಲ. ಕಟ್ಟೆಯಡಿಯಿಂದ ಓರೆಯಾಗಿ ರಸ್ತೆ ದಾಟಿ ಎದುರಿನ ಕಂಬದ ಕಡೆ ಹೊರಟಿತ್ತು. ಆ ಓರೆ ಗೆರೆಯ ಮೇಲೆಯೇ, ಅಳೆದಿಟ್ಟ ಹಾಗೆ, ಅವನ ಸುಣ್ಣದ ಗುರುತು ಇತ್ತು.

ಶೇಖಸಾಬ ಜೆಸಿಬಿ ಬಂದ್ ಮಾಡಿ ಕೆಳಗಿಳಿದು ಬಂದು, ಆ ಪಟ್ಟಿಯನ್ನೂ ತನ್ನ ಬಕೆಟ್ಟಿನ ಕಬ್ಬಿಣದ ಹಲ್ಲುಗಳನ್ನೂ ನೋಡಿ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

"ಒಂದೀಟು ನೀರು ಕೊಡ್ರಿ," ಎಂದ.

ಮಾಲತೇಶ ಹೋಗಿ ಬೂಟಿನಿಂದ ಸುಣ್ಣವನ್ನು ತಿಕ್ಕಿ ಅಳಿಸಿದ. ಪೂರ್ತಿ ಹೋದ ಮೇಲೂ ತಿಕ್ಕುತ್ತಲೇ ಇದ್ದ.

ಎರಡು ಫರಸಿಗಳ ಆಚೆ ಮುಚ್ಚಳ ಸಿಕ್ಕಿತು. ಅದನ್ನು ತೆರೆಯುವಾಗ ಸರೋಜವ್ವ ಕರ್ಪೂರ ಹಚ್ಚಲು ಕಡ್ಡಿಪೆಟ್ಟಿಗೆ ತಂದಳು. ಮಾಲತೇಶ ಎರಡೂ ಕೈ ಅಡ್ಡ ಹಿಡಿದ.

"ಬೆಂಕಿ ಬ್ಯಾಡ್ರಿ ಅವ್ವಾರ. ಒಳಗ ಗ್ಯಾಸ್ ಇರ್ತೈತಿ, ಭಗ್ ಅಂತೈತಿ. ಎಲ್ಲಾರೂ ದೂರ ಸರೀರಿ. ಯಾರೂ ಬಗ್ಗಿ ನೋಡಬ್ಯಾಡ್ರಿ."

ಅವಳು ಕಡ್ಡಿಪೆಟ್ಟಿಗೆಯನ್ನು ಒಳಗಿಟ್ಟು ಬಂದು, ದೂರದಿಂದಲೇ ಕೈಮುಗಿದಳು. ಸುತ್ತ ಹಗ್ಗ ಕಟ್ಟಿ, ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟರು. ಯಾರನ್ನೂ ಒಳಗಿಳಿಸಲಿಲ್ಲ. ಚರಂಡಿ ಹೀರುವ ಸಕ್ಕಿಂಗ್ ಗಾಡಿ ಬಂತು, ಪೈಪು ಮಾತ್ರ ಇಳಿಯಿತು. ಜೋರು ನೀರು ಬಿಟ್ಟು ಎಳೆದಾಗ ಹಳೆಯ ಚೀಲ, ಬಟ್ಟೆ, ಬೇರಿನ ಗಂಟು ಒಂದೇ ಉಂಡೆಯಾಗಿ ಹೊರಬಂದವು. ಬಚ್ಚಲಿನ ನೀರು ಇಳಿದಾಗ ಯಂಕವ್ವ ಒಳಗಿನಿಂದಲೇ ಓಣಿಗೆಲ್ಲ ಕೇಳುವಂತೆ ಸುದ್ದಿ ಹೇಳಿದಳು.

ನಿಂತ ಹೊಲಸನ್ನು ಗಾಡಿಯೇ ಹೀರಿತು. ಅಲ್ಲಿ ಬ್ಲೀಚಿಂಗ್ ಪೌಡರ್ ಸುರಿದರು. ಸಂಜೆ ನಳ ಬಂದಾಗ ಮಾಲತೇಶ ಮೊದಲ ನೀರನ್ನೆಲ್ಲ ಹೊರಗೆ ಹರಿಸಿದ. ಆಮೇಲೆ ಗಾಜಿನ ಲೋಟದಲ್ಲಿ ಹಿಡಿದು, ಕ್ಲೋರಿನ್ ಪರೀಕ್ಷೆಯ ಔಷಧದ ಹನಿ ಹಾಕಿ, ಬಣ್ಣ ನೋಡಿ, ಹೂಂ ಎಂದ. "ಆದ್ರೂ ಕಾಯಿಸಿಯೇ ಕುಡೀರಿ."

ಅಷ್ಟರಲ್ಲಿ ಬಂದ ಲೈನ್‌ಮನ್ ಕಟ್ಟೆಯಿಂದ ಕಂಬದವರೆಗೆ ರಸ್ತೆಯ ಮೇಲೆ ಕೆಂಪು ಬಣ್ಣದ ಗೆರೆ ಎಳೆದ. ಕುಬೇರಪ್ಪ ಫರಸಿಗಳನ್ನು ತಾನೇ ಹೊತ್ತು ಹಿತ್ತಲಿಗೆ ಒಯ್ದ.

ಸರೋಜವ್ವ ಮಾಲತೇಶ, ಶೇಖಸಾಬ ಇಬ್ಬರಿಗೂ ಉಂಡಿಯ ತಾಟು ಕೊಟ್ಟಳು. "ನಾಳೆ ಬರ್ರಿ, ಆ ಸೋರೂ ಪೈಪು ಅಗದು ರಿಪೇರಿ ಮಾಡ್ರಿ. ಗುದ್ದಲಿ ನಾನ ಕೊಡ್ತೇನಿ."

"ಗುದ್ದಲಿನ ಬೇಕ್ರಿ," ಎಂದ ಮಾಲತೇಶ. "ಕೈಲೇ ಅಗಸ್ತೇನಿ, ಜೆಸಿಬಿ ಬ್ಯಾಡ."

"ಹಂಗಾದ್ರ ನನಗ ನಾಳೆ ಸೂಟಿ," ಎಂದು ಶೇಖಸಾಬ ಎರಡನೆಯ ಉಂಡಿಗೆ ಕೈ ಹಾಕಿದ. ಒಳಗೆ ಹಂಡೆಯ ನೀರು ಕಾಯುತ್ತಿತ್ತು. ಬೆಳಿಗ್ಗೆ ತಪ್ಪಿದ ಸ್ನಾನಕ್ಕಾಗಿ ಯಂಕವ್ವ ಕೂಸಿನ ಮೈಗೆ ಎಣ್ಣೆ ತಿಕ್ಕತೊಡಗಿದ್ದಳು, ಕೂಸು ಗಟ್ಟಿ ದನಿಯಲ್ಲಿ ಅಳುತ್ತಿತ್ತು.