ಆರು ತಿಂಗಳ ಬೀಗ

ಕೃಷ್ಣಮೂರ್ತಿ ಹೋಟೆಲಿನ ಸುಣ್ಣಕಲ್ಲಿನ ಗೋಡೆಯನ್ನು ಬೆರಳುಗೆಣ್ಣಿನಿಂದ ಕುಟ್ಟಿ ನೋಡಿದರು. ಅಪರಕರ್ಮಕ್ಕೆ ನೆರವಾಗಲು ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಿಂದ ಬೆಳಿಗ್ಗೆಯೇ ಬಂದಿದ್ದ ಮನೆಯವರ ಸ್ನೇಹಿತ ಅವರು.

"ಎರಡಡಿ ದಪ್ಪ ಇದೆ ಅನುಸೂಯಮ್ಮನವರೇ," ಎಂದು ಕೌಂಟರಿನ ಮೇಲಿದ್ದ ಸ್ಪೀಕರ್ ಫೋನಿಗೆ ಹೇಳಿದರು. "ಹಿಸ್ಟಾರಿಕ್ ಬಿಲ್ಡಿಂಗು. ಮೊಳೆ ಹೊಡೆಯೋಕೂ ಸಿಟಿಯವರ ಪರ್ಮಿಷನ್ ಬೇಕು. ನೀವು ನೋಡಿದ್ರೆ ಗೋಡೆ ಒಡೆದು ಬಾಡಿ ತೆಗೀಬೇಕಿತ್ತು ಅಂತೀರಿ."

"ಹಾಗಾದ್ರೆ ಮುಂಬಾಗಿಲಿಂದಾನೇ ತಗೊಂಡ್ಹೋದ್ರಾ! ಸರಿಹೋಯ್ತು." ಮೈಸೂರಿನಲ್ಲಿದ್ದ ಅನುಸೂಯಮ್ಮ, ತೀರಿಕೊಂಡ ಚಂದ್ರಮೌಳಿಯ ಅಕ್ಕ. "ರೇವತಿ ನಕ್ಷತ್ರದಲ್ಲಿ ಹೋಗಿದಾನೆ. ಪಂಚಕ ದೋಷ. ಸಾವಾದ ಮನೆಗೆ ಆರು ತಿಂಗಳು ಬೀಗ ಹಾಕ್ಲೇಬೇಕು ಕಣೇ ಇಂದುಮತಿ. ಇಲ್ದಿದ್ರೆ ಮನೇಲಿ ಇನ್ನೊಂದಾಗುತ್ತೆ. ಮಗಳಿದಾಳೆ ಅಲ್ಲಿ."

ಚಂದ್ರಮೌಳಿಯ ಹೆಂಡತಿ ಇಂದುಮತಿ ಮಗಳ ಕಡೆ ನೋಡಿದಳು.

"ಸಿಕ್ಸ್ ಮಂತ್ಸ್? ಅಮ್ಮಾ, ದಿಸ್ ಈಸ್ ಎ ಹೋಟೆಲ್!" ಎಂದಳು ಮಾನ್ಯಾ.

ಮನೆಯೆಂದರೂ ಅದೇ, ಅನ್ನವೆಂದರೂ ಅದೇ. ಕೌಂಟರಿನ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಮೇಲೆ ಕೆಲಸ ಕಳೆದುಕೊಂಡ ನಾಲ್ಕಾರು ಮಂದಿ ವಾರದ ಬಾಡಿಗೆಗೆ ಇದ್ದರು. ಈ ಕಾಲದಲ್ಲಿ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಆಗದ ಮಾತು. ಮುಚ್ಚದಿದ್ದರೆ ಮಗಳಿಗೇನಾದೀತೋ ಎಂಬ ಹೆದರಿಕೆ. ಈ ಚಿಂತೆಯಲ್ಲಿ ಇಂದುಮತಿಗೆ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ.

*

2008ರ ಕೊನೆಯಲ್ಲಿ ವಿಕ್ಸಮ್ ಎಂಬ ಊರಿನ ಕಾರ್ಖಾನೆಯಿಂದ ಕೆಲಸ ಹೋದಾಗ, ಚಂದ್ರಮೌಳಿ ಹೆಂಡತಿಯನ್ನು ಕೂರಿಸಿಕೊಂಡು ಮುನ್ನೂರು ಮೈಲಿ ಡ್ರೈವ್ ಮಾಡಿ, ಲಾಕ್‌ಪೋರ್ಟಿನ ಹಳೆಯ ಕಾಲುವೆಯ ದಡದಲ್ಲಿ, ಮಾರಾಟಕ್ಕಿದ್ದ ಈ ಹೋಟೆಲಿನ ಮುಂದೆ ಕಾರು ನಿಲ್ಲಿಸಿದ್ದ.

"ದೋಣಿಯವರು ಇಲ್ಲೇ ಜೋಳ ಇಳಿಸ್ತಿದ್ರಂತೆ ಕಣೇ ಇಂದು. ಹೆಂಗಿದೆ ನೋಡು, ಕೋಟೆ ಹಂಗೆ!"

"ರೂಮಿನ ನಡುವೆ ಕಂಬ ಇದೆಯಲ್ರೀ. ಯಾರು ಮಲಗ್ತಾರೆ ಇಲ್ಲಿ?"

"ಕಂಬಕ್ಕೆ ಬಾಡಿಗೆ ಕೇಳಲ್ಲ ಅಂದ್ರಾಯ್ತು."

ಆ ರೂಮಿಗೆ ಬಂದ ಪ್ರತಿಯೊಬ್ಬರಿಗೂ ಅವನು ಹಾಗೇ ಹೇಳಿದ. ನೆಲ ವಾಲಿದೆ ಎಂದವರಿಗೆ, ಕಾಲುವೆ ಆ ಕಡೆ ಇದೆ, ನಿಮಗೆ ದಾರಿ ತಪ್ಪಬಾರದಲ್ಲ ಎಂದ. ಮೊನ್ನೆ ಮಂಗಳವಾರ ಸಂಜೆ ಕೌಂಟರಿನ ಕುರ್ಚಿಯಲ್ಲಿ ಕೂತು ಯಾರಿಗೋ ಅಂಥದ್ದೇ ಏನೋ ಹೇಳುತ್ತಿದ್ದವನು, ಅವರು ನಗುವ ಮೊದಲೇ ಹೋಗಿಬಿಟ್ಟ.

*

"ಮಂಗಳವಾರ ಸಂಜೆ ಆರು ಗಂಟೆ ಅಂದ್ಯಲ್ಲಮ್ಮ," ಅನುಸೂಯಮ್ಮ ಪಂಚಾಂಗದ ಹಾಳೆ ಮಗುಚುತ್ತಿದ್ದರು. "ಆಗ ರೇವತಿ. ರಾತ್ರಿ ಹತ್ತಕ್ಕೆ ಅಶ್ವಿನಿ ಬರುತ್ತೆ. ಅಶ್ವಿನೀಲಿ ಹೋಗಿದ್ರೆ ಯಾವ ದೋಷಾನೂ ಇರ್ತಿರ್ಲಿಲ್ಲ. ಚಿಕ್ಕೋನಿದ್ದಾಗಿಂದ್ಲೂ ಅವನಿಗೆ ಎಲ್ಲಾದಕ್ಕೂ ಅವಸರ. ನೀನು ಫೋನ್ ಮಾಡಿದಾಗ ಹಾಲು ಕಾಯೋಕಿಟ್ಟಿದ್ದೆ, ಎಲ್ಲಾ ಉಕ್ಕಿಹೋಯ್ತು ನೋಡು."

ಇಂದುಮತಿ ತಲೆಯೆತ್ತಿದಳು. "ಯಾವ ಹಾಲು ಅತ್ತಿಗೆ?"

"ಬೆಳಗಿನ ಹಾಲು ಕಣೇ. ಆಗ್ಲೇ ಎದ್ದಿದ್ದೆ, ಇನ್ನೂ ಕತ್ತಲಿತ್ತು."

"ಅವರು ಹೋದ ತಕ್ಷಣ ಮೊದಲು ನಿಮಗೇ ಅಲ್ವಾ ಫೋನ್ ಮಾಡಿದ್ದು? ನಮಗೆ ಮಂಗಳವಾರ ಸಂಜೆ. ನಿಮಗಾಗ್ಲೇ ಬುಧವಾರ ಆಗಿತ್ತಲ್ಲ!"

ಫೋನಿನಲ್ಲಿ ಒಂದು ಹಾಳೆ ಸರಿದ ಸದ್ದು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ನಿಮ್ಮೂರ ಗಂಟೆ ಹಿಡ್ಕೊಂಡು ನಮ್ಮೂರ ಪಂಚಾಂಗ ನೋಡಿದೀನಲ್ಲೇ! ಅಶ್ವಿನಿ ಕಣೇ ಇಂದು, ಅಶ್ವಿನಿ! ನಮ್ಮ ಚಂದ್ರು ಒಳ್ಳೇ ಹೊತ್ತಲ್ಲೇ ಹೋಗಿದಾನೆ." ಅವರು ಅಳುತ್ತಲೇ ನಕ್ಕರು. "ಬೀಗ ಗೀಗ ಏನೂ ಬೇಡ."

"ಸದ್ಯ, ಗೋಡೆ ಉಳೀತು," ಎಂದರು ಕೃಷ್ಣಮೂರ್ತಿ.

ಮಾನ್ಯಾ ಬಂದು ಅಮ್ಮನ ಹೆಗಲು ಹಿಡಿದಳು. ಇಂದುಮತಿ ಆಗ ಅತ್ತಳು, ಗಟ್ಟಿಯಾಗಿ.

ಮಧ್ಯಾಹ್ನ ದಹನ ಮುಗಿಸಿ ಬಂದವರೆಲ್ಲ ಸ್ನಾನ ಮಾಡಬೇಕಿತ್ತು. ಇಂದುಮತಿ ಕೌಂಟರಿನ ಹಿಂದೆ ನಿಂತು ಖಾಲಿ ರೂಮುಗಳ ಕೀಗಳನ್ನು ಒಬ್ಬೊಬ್ಬರಿಗೂ ಕೊಟ್ಟಳು. ಜೊತೆಗೆ ಬಂದಿದ್ದ ಮೇಲಿನ ಬಾಡಿಗೆದಾರ ಡೀನ್ ಟೈ ಸಡಿಲಿಸುತ್ತ, "ನಾವೂ ಮಾಡಬೇಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಎಲ್ಲರೂ," ಎಂದಳು.

ಮೂರು ಮಹಡಿಗಳಲ್ಲೂ ಒಂದೇ ಸಲಕ್ಕೆ ನಲ್ಲಿಗಳು ತಿರುಗಿದವು. ಹಳೆಯ ಪೈಪುಗಳು ದಡದಡನೆ ಬಡಿದುಕೊಂಡು, ಮರದ ನೆಲ ನಡುಗಿ, ಕೌಂಟರಿನ ಮೇಲಿನ ಹಿತ್ತಾಳೆಯ ಕರೆಗಂಟೆ ತಾನಾಗಿ ಕಿಣಿಕಿಣಿಯೆಂದಿತು. ಹಿಂದಿನ ಕೋಣೆಯಲ್ಲಿ ಟವೆಲು ಮಡಿಸುತ್ತಿದ್ದ ಇಂದುಮತಿ, "ಬಂದೆ, ಬಂದೆ," ಎನ್ನುತ್ತ ಎದ್ದಳು.