ಗುಡ್ಡೆಯ ಮೇಲಿನ ಚಾಪೆ

ತ್ಯಾಂಪಣ್ಣನ ಪಾಲಿಗೆ ಬಂದದ್ದು ಒಂದು ವಿಶಲ್, ಒಂದು ಕೆಂಪು ಬಾವುಟ ಮತ್ತು ಗುಡ್ಡೆ.

ಪುತ್ತೂರು ಕಡೆಯ ಸವಣೂರಿನಿಂದ ಸ್ವಲ್ಪ ಆಚೆ, ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯನ್ನು ಮಟ್ಟಸ ಮಾಡಿ ಯುವಕ ಮಂಡಲದವರು ವಿಮಾನ ಪ್ರದರ್ಶನ ಇಟ್ಟಿದ್ದರು. ಎರಡು ಪುಟ್ಟ ವಿಮಾನಗಳು ದೂರದಿಂದ ಹಾರಿ ಬಂದು, ಆಕಾಶದಲ್ಲಿ ಲಾಗ ಹಾಕಿ ಹೋಗುವುದು. ನೋಡುವವರು ಬಯಲಿನಲ್ಲಿ ಹಗ್ಗದ ಹಿಂದೆ ನಿಲ್ಲಬೇಕು. ಎದುರಿನ ಗೇರುಗುಡ್ಡೆಯಲ್ಲಿ ಮಾತ್ರ ಯಾರೂ ಇರಕೂಡದು. ವಿಮಾನ ತಗ್ಗಿಗೆ ಬಂದು ತಿರುಗುವುದು ಅದರ ಮೇಲೆಯೇ. ಹಿಂದಿನ ದಿನ ಜಾಗ ನೋಡಲು ಬಂದಿದ್ದ ಎಳೆ ಮೀಸೆಯ ಪೈಲಟ್, "ನಾನು ಕೆಳಗೆ ನೋಡಿದರೆ ಮರ ಮಾತ್ರ ಕಾಣಬೇಕು ಅಂಕಲ್," ಎಂದು ಎರಡೆರಡು ಸಲ ಹೇಳಿ ಹೋಗಿದ್ದ.

ಆದರೆ ಆ ಕಡೆಯ ಜನಕ್ಕೆ ಆಕಾಶದಲ್ಲಿ ಏನಾದರೂ ನಡೆಯುವುದಿದ್ದರೆ ಗುಡ್ಡೆ ಹತ್ತಿ ನೋಡಿಯೇ ಅಭ್ಯಾಸ. ಪುತ್ತೂರು ಜಾತ್ರೆಯ ಬೆಡಿಯನ್ನೂ, ಆ ಬಾಣಬಿರುಸನ್ನೆಲ್ಲ, ಹಾಗೆಯೇ ನೋಡಿದವರು. ಬೆಳಿಗ್ಗೆಯಿಂದಲೇ ಹತ್ತತೊಡಗಿದ್ದರು. ಮೊದಲು ಬಂದವನು ಮೀನು ಮಾರುವ ರವೂಫ್, ಹೆಂಡತಿ ಮಕ್ಕಳ ಸಮೇತ.

"ಎಂತ ತ್ಯಾಂಪಣ್ಣ, ಗುಡ್ಡೆ ನಿಮ್ಮ ಪಟ್ಟಾ ಜಾಗವಾ?"

"ಪಟ್ಟಾ ಆಗಿದ್ರೆ ನಿನ್ನಿಂದ ಗೇರುಬೀಜ ಹೆಕ್ಕಿಸ್ತಿದ್ದೆ ಮಾರಾಯ. ಇಳಿ, ಇಳಿ. ವಿಮಾನ ತಲೆಯ ಮೇಲೆ ಬರುದು."

ರವೂಫ್ ಗೊಣಗುತ್ತಲೇ ಇಳಿದ. ಹೀಗೆ ಬೈದು, ನಗಿಸಿ, ವಿಶಲ್ ಊದಿ ತ್ಯಾಂಪಣ್ಣ ಗುಡ್ಡೆಯನ್ನು ಬರಿದಾಗಿಸಿದ. ಸಾಕಪ್ಪಾ ಎಂದು ಮರಕ್ಕೆ ಒರಗುವಷ್ಟರಲ್ಲಿ, ಹಿಂದಿನ ಬದಿಯ ಜೀಪು ದಾರಿಯಿಂದ ಬೋಜಪ್ಪ ಹತ್ತಿ ಬರುವುದು ಕಂಡಿತು. ಕಂಕುಳಲ್ಲಿ ಚಾಪೆ. ಹಿಂದೆ ಗೋಳಿಬಜೆಯ ಡಬ್ಬಿ ಹಿಡಿದ ಹೆಂಡತಿ ಲೋಲಾಕ್ಷಿ.

ಬೋಜಪ್ಪ ಅವನ ಬೀಗ. ಮಗಳು ಸುಪ್ರಿತಾಳನ್ನು ಸುಳ್ಯದ ಕಡೆಯ ಆ ಮನೆಗೆ ಕೊಟ್ಟು ವರ್ಷ ತುಂಬಿರಲಿಲ್ಲ. ಮದುವೆಯ ದಿನ ಒಂದು ತಪ್ಪಾಗಿತ್ತು. ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದ ಬೋಜಪ್ಪನನ್ನು, ಗಂಡಿನ ಅಪ್ಪನೆಂದು ಗುರುತು ಸಿಗದೆ, ಬಡಿಸುವವರು ಎಬ್ಬಿಸಿಬಿಟ್ಟಿದ್ದರು. ಕೈಮುಗಿದು ತಪ್ಪಾಯಿತು ಎಂದರೂ ಮುಗಿಯುವ ಮಾತಲ್ಲ ಅದು. "ಮಾವ ಅದನ್ನು ಇನ್ನೂ ಬಿಟ್ಟಿಲ್ಲ ಅಪ್ಪ," ಎಂದು ಸುಪ್ರಿತಾ ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಆ ಮುನಿಸು ಕರಗಲಿ ಎಂದೇ ತ್ಯಾಂಪಣ್ಣ ಇವತ್ತು ಅವರನ್ನು ಕರೆದದ್ದು.

ಬೋಜಪ್ಪ ತುದಿಯ ಗೇರುಮರದ ಬುಡದಲ್ಲಿ ಚಾಪೆ ಹಾಸಿ ಕೂತಾಗಿತ್ತು.

"ಭಾವ, ಇಲ್ಲಿ ಕೂತುಕೊಳ್ಳುದು ಬೇಡ ಅಂತ..."

"ಬೇಡ ಅಂತ ಯಾರು ಹೇಳಿದ್ದು?"

"ಕಮಿಟಿಯವರು."

"ಹೋ! ಮದುವೆಯಲ್ಲಿ ಎಬ್ಬಿಸಿದ್ದೂ ಇದೇ ಕಮಿಟಿಯವರಾ?"

ಬೋಜಪ್ಪ ನಕ್ಕ. ಲೋಲಾಕ್ಷಿ ನಗಲಿಲ್ಲ, ಗಂಡನ ಮುಖ ಒಮ್ಮೆ, ಬೀಗನ ಮುಖ ಒಮ್ಮೆ ನೋಡಿದಳು. ವಿಮಾನ ತಲೆಯ ಮೇಲೆ ಬರುತ್ತದೆ ಎಂಬ ಮಾತು ತ್ಯಾಂಪಣ್ಣನ ನಾಲಿಗೆಯ ತುದಿಯವರೆಗೆ ಬಂತು. ರವೂಫನಿಗೆ ಸಲೀಸಾಗಿ ಹೇಳಿದ್ದ ಮಾತು. ವಿಶಲನ್ನು ಅವನು ಕಿಸೆಗೆ ಹಾಕಿಕೊಂಡ.

"ಕೂತುಕೊಳ್ಳಿ ಭಾವ. ನಿಮ್ಮದಲ್ಲದೆ ಮತ್ಯಾರದ್ದು? ಆದರೂ ಈ ವಿಮಾನದ ಆಟದಿಂದ ಪ್ರಯೋಜನ ಎಂತ ಅಂತ ನನಗೆ ಗೊತ್ತಾಗುದಿಲ್ಲ."

"ಪ್ರಯೋಜನವಾ?" ಬೋಜಪ್ಪ ಸೇನೆಯಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಬಯಲಿನ ಕಡೆ ಕೈ ತೋರಿಸಿದ. "ಅಲ್ಲಿ ಬಾಯಿ ಕಳೆದು ನಿಂತಿದ್ದಾವಲ್ಲ ಮಕ್ಕಳು, ಅದರಲ್ಲಿ ಒಬ್ಬಳಾದರೂ ನಾಳೆ ಹಾರಿಸ್ತಾಳೆ. ನಾನು ಮಿಲಿಟರಿಗೆ ಸೇರಿದ್ದು ಮಡಿಕೇರಿಯಲ್ಲಿ ಒಂದು ಪರೇಡು ನೋಡಿ, ಗೊತ್ತುಂಟಾ?"

"ಇವರಿಗೆ ಸದ್ದು ಇದ್ದರೆ ಸಾಕು ಅಣ್ಣ," ಎಂದಳು ಲೋಲಾಕ್ಷಿ. ಚಹಾದ ಫ್ಲಾಸ್ಕು ಜೀಪಿನಲ್ಲೇ ಉಳಿದದ್ದು ನೆನಪಾಗಿ ಇಳಿದು ಹೋದಳು.

ಚಾಪೆ ಕಂಡದ್ದೇ ಕೆಳಗಿನವರು ಮತ್ತೆ ಹತ್ತತೊಡಗಿದರು. "ಅವರಿಗೆ ಆಗ್ತದೆ, ನಮಗೆ ಆಗುದಿಲ್ವಾ? ಅವರೆಂತ ಮಂತ್ರಿಯಾ?" ತ್ಯಾಂಪಣ್ಣ ಅರ್ಧ ಗುಡ್ಡೆ ಇಳಿದು, ಬಾವುಟ ಅಡ್ಡ ಹಿಡಿದು, ಅವರ ಜೊತೆ ವಾದಕ್ಕೆ ನಿಂತ. ಅವನು ಉಳಿದದ್ದು ಅದರಿಂದ.

ಮೊದಲ ವಿಮಾನ ಹೊಗೆಯ ಗೆರೆ ಎಳೆಯುತ್ತ ಬಂದು, ಗೇರುಮರದ ಎಲೆ ಅಲುಗಿಸಿ ಮೇಲೇರಿತು. ಬೋಜಪ್ಪ ಎದ್ದು ನಿಂತು ಸೆಲ್ಯೂಟ್ ಹೊಡೆದದ್ದು ಕಂಡಿತು. ಎರಡನೆಯದು ಲಾಗ ಹಾಕಿ ಅದೇ ದಾರಿಯಲ್ಲಿ ಗುಡ್ಡೆಯ ತುದಿಗೆ ಇಳಿಯಿತು. ಏಳಲಿಲ್ಲ. ಇದೂ ಆಟದ್ದೇ ಎಂದುಕೊಂಡ ಬಯಲಿನ ಜನರ ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಪೈಲಟ್ ಹೋದ. ಬೋಜಪ್ಪ ಹೋದ. ಸವಣೂರಿನ ಪೇಟೆಯಲ್ಲಿ ವಾರವಿಡೀ ಅದೇ ಮಾತು. ಈ ಮಂಗಾಟ ನಮ್ಮ ಊರಿಗೆ ಬೇಕಿತ್ತಾ ಎಂದರು ಕೆಲವರು. ರಸ್ತೆಯಲ್ಲಿ ದಿನಾ ಸಾಯುದಿಲ್ವಾ, ಹಾಗಂತ ಬಸ್ಸು ನಿಲ್ಲಿಸ್ತಾರಾ ಎಂದರು ಇನ್ನು ಕೆಲವರು. ಒಂದು ಬೆಳಿಗ್ಗೆ ರವೂಫ್ ಮೀನಿನ ಸ್ಕೂಟರ್ ನಿಲ್ಲಿಸಿ ತ್ಯಾಂಪಣ್ಣನ ಎರಡೂ ಕೈ ಹಿಡಿದುಕೊಂಡ. "ಅವತ್ತು ನೀವು ಓಡಿಸದಿದ್ದರೆ ನನ್ನ ಮಕ್ಕಳು..." ಎಂದ. ತ್ಯಾಂಪಣ್ಣ ಕೈ ಬಿಡಿಸಿಕೊಂಡು ಒಳಗೆ ಹೋದ.

ಬೊಜ್ಜದ ದಿನ ಅವನು ಬೋಜಪ್ಪನ ಉತ್ತರಕ್ರಿಯೆಗೆ ಆ ಮನೆಗೆ ಹೋದ. ಸುಪ್ರಿತಾ ನೀರಿನ ಚೆಂಬು ತಂದಿಟ್ಟು, ಮುಖ ನೋಡದೆ ಹೋದಳು. ಊಟಕ್ಕೆ ಕೊನೆಯ ಪಂಕ್ತಿ ಸಾಕೆಂದು ಅವನು ಚಪ್ಪರದ ಕಂಬದ ಹಿಂದೆ ನಿಂತಿದ್ದ. ಲೋಲಾಕ್ಷಿಯೇ ಬಂದು ಕರೆದಳು.

"ಮುಂದೆ ಕೂತುಕೊಳ್ಳಿ ಅಣ್ಣ. ಮೊದಲ ಪಂಕ್ತಿಯಲ್ಲಿ."

ಅವನು ಕೂತ. ಅನ್ನ ಬಂತು, ಸಾರು ಬಂತು. ಅವಳು ಎದುರಿನಲ್ಲೇ ನಿಂತಿದ್ದಳು.

"ನೀವು ಎಬ್ಬಿಸಿದ್ದರೆ ಅವರಿಗೆ ಬೇಜಾರಾಗ್ತಿತ್ತು," ಎಂದಳು, ಬಡಿಸುವವರಿಗೂ ಕೇಳದಷ್ಟು ಮೆಲ್ಲಗೆ. "ಎರಡನೇ ಸಲ ಎಬ್ಬಿಸಿದ್ರು ಅಂತ ಸಾಯುವವರೆಗೆ ಹೇಳ್ತಿದ್ರು. ಹೇಳ್ಲಿ ಅಣ್ಣ. ಹೇಳ್ಲಿಕ್ಕೆ ಇರ್ತಿದ್ರು."

ಅವಳು ಅಲ್ಲಿಂದ ಸರಿದು ಉಪ್ಪು ಬಡಿಸಲು ಹೇಳಿದಳು. ತ್ಯಾಂಪಣ್ಣನ ಕೈ ಅನ್ನದ ಮೇಲೆ ಹಾಗೆಯೇ ನಿಂತಿತ್ತು. ಉಣ್ಣಲಾಗಲಿಲ್ಲ. ಸಾಲಿನಲ್ಲಿ ಎಲ್ಲರೂ ಉಣ್ಣುತ್ತಿರುವಾಗ ಎಲೆ ಬಿಟ್ಟು ಏಳುವ ಹಾಗೂ ಇರಲಿಲ್ಲ.